ನೋಟ್‌ಬುಕ್ ತುಂಬಿದೆ, ಬೇಕಾದಾಗ ಸಿಗುವುದಿಲ್ಲ

ಬರೆಯುವವರ ನೋಟ್‌ಬುಕ್ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಯಾವ ಪೆನ್ನು, ಯಾವ ಕಾಗದ ಎಂದು ಕೇಳಿದವರೇ ಹೆಚ್ಚು. ಆದರೆ ಮೊದಲ ಪತ್ರದ ತೊಂದರೆಯೇ ದೊಡ್ಡದು. ಅದರಿಂದಲೇ ಶುರು ಮಾಡೋಣ.

ಪ್ರಶ್ನೆ: ಕಥೆ, ಲಲಿತ ಪ್ರಬಂಧ ಬರೆಯುತ್ತೇನೆ. ಕಂಡದ್ದು, ಕೇಳಿದ್ದು, ಓದಿದ್ದು ಎಲ್ಲವನ್ನೂ ಬರೆದಿಡುವ ಅಭ್ಯಾಸವಿದೆ. ಕಪಾಟಿನ ಒಂದು ಅರೆ ತುಂಬಿದೆ. ಬರೆಯಲು ಕೂತಾಗ ‘ಇದನ್ನು ಎಲ್ಲೋ ಬರೆದಿಟ್ಟಿದ್ದೆನಲ್ಲ’ ಅನ್ನಿಸುತ್ತದೆ, ಹುಡುಕಿದರೆ ಸಿಗುವುದಿಲ್ಲ. ವಿಷಯಕ್ಕೊಂದು ನೋಟ್‌ಬುಕ್ ಇಡಲೇ?
– ಗೃಹಿಣಿ, ಸಾಗರ

ಬೇಡ. ವಿಷಯಕ್ಕೊಂದು ಇಟ್ಟರೆ ಹೆಚ್ಚು ದಿನ ನಡೆಯುವುದಿಲ್ಲ. ಸಂತೆಯಲ್ಲಿ ಒಂದು ಮಾತು ಕಿವಿಗೆ ಬಿದ್ದಾಗ ಚೀಲದಲ್ಲಿರುವುದು ‘ಅಡುಗೆ’ ನೋಟ್‌ಬುಕ್. ಮನೆಗೆ ಹೋಗಿ ‘ಸಂಭಾಷಣೆ’ ನೋಟ್‌ಬುಕ್‌ನಲ್ಲಿ ಬರೆದರಾಯಿತು ಅಂದುಕೊಳ್ಳುತ್ತೀರಿ, ಮನೆ ತಲುಪುವಷ್ಟರಲ್ಲಿ ಮಾತಿನ ವರಸೆ ಮರೆತಿರುತ್ತದೆ. ಒಂದೇ ಟಿಪ್ಪಣಿ ಎರಡು ಮೂರು ವಿಷಯಕ್ಕೆ ಸೇರುವುದೂ ಉಂಟು. ಆದ್ದರಿಂದ ಒಂದೇ ನೋಟ್‌ಬುಕ್ ಇರಲಿ, ಬಂದದ್ದೆಲ್ಲ ತಾರೀಖಿನ ಕ್ರಮದಲ್ಲಿ ಅದಕ್ಕೇ ಹೋಗಲಿ. ವಿಂಗಡಿಸುವ ಕೆಲಸವನ್ನು ಸೂಚಿಗೆ (ಯಾವ ವಿಷಯ ಯಾವ ಪುಟದಲ್ಲಿದೆ ಎಂದು ತೋರಿಸುವ ಪಟ್ಟಿಗೆ) ಬಿಡಿ.

ಹೊಸ ನೋಟ್‌ಬುಕ್ ತಂದ ದಿನವೇ ಎರಡು ಕೆಲಸ ಮುಗಿಸಿ. ಮೊದಲನೆಯದು ಪುಟಸಂಖ್ಯೆ. ಬಲಗಡೆಯ ಪುಟಗಳಿಗೆ ಮಾತ್ರ 1, 3, 5 ಎಂದು ಹಾಕಿದರೆ ಸಾಕು, ಶ್ರಮ ಅರ್ಧಕ್ಕೆ ಇಳಿಯುತ್ತದೆ. ರಟ್ಟಿನ ಮೇಲೆ ನೋಟ್‌ಬುಕ್ಕಿನ ಕ್ರಮಸಂಖ್ಯೆ ಬರೆಯಿರಿ. ಇನ್ನು ಮುಂದೆ ‘7/43’ ಎಂದರೆ ಏಳನೇ ನೋಟ್‌ಬುಕ್ಕಿನ 43ನೇ ಪುಟ. ಎರಡನೆಯದು, ಕೊನೆಯ ಎಂಟು ಪುಟಗಳನ್ನು ಸೂಚಿಗೆ ಮೀಸಲಿಡುವುದು.

ಇಂಥ ಸೂಚಿಗೆ ಹಳೆಯ ಮಾದರಿಯೊಂದಿದೆ. ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ತಮ್ಮ ಟಿಪ್ಪಣಿ ಪುಸ್ತಕಗಳಿಗೆ ಮಾಡಿಕೊಂಡಿದ್ದ ಪದ್ಧತಿಯನ್ನು 1686ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದರು, 1706ರಲ್ಲಿ ಅದು ಇಂಗ್ಲಿಷಿಗೂ ಬಂತು. ಶೀರ್ಷಿಕೆಯ ಮೊದಲ ಅಕ್ಷರ ಮತ್ತು ಅದರ ನಂತರ ಬರುವ ಮೊದಲ ಸ್ವರ, ಇವೆರಡನ್ನು ಹಿಡಿದು ನೂರು ಮನೆಗಳ ಸೂಚಿ. ಕನ್ನಡದಲ್ಲಿ ವ್ಯಂಜನ, ಸ್ವರ ಎರಡೂ ಒಂದೇ ಅಕ್ಷರದಲ್ಲಿ ಕೂಡಿರುವುದರಿಂದ ಲಾಕ್ ಲೆಕ್ಕವನ್ನು ಹಾಗೇ ಹಿಡಿದರೆ ಇಡೀ ಕಾಗುಣಿತಕ್ಕೇ ಮನೆ ಕಟ್ಟಬೇಕಾಗುತ್ತದೆ. ಇನ್ನೂರು ಪುಟದ ನೋಟ್‌ಬುಕ್ಕಿಗೆ ಅಷ್ಟೆಲ್ಲ ಬೇಕಿಲ್ಲ, ವರ್ಗಗಳೇ ಸಾಕು. ಸ್ವರಗಳಿಗೆ ಒಂದು ಪುಟ, ಕ-ವರ್ಗಕ್ಕೆ ಒಂದು, ಚ ಮತ್ತು ಟ ವರ್ಗಗಳಿಗೆ ಸೇರಿ ಒಂದು, ತ-ವರ್ಗಕ್ಕೆ ಒಂದು, ಪ-ವರ್ಗಕ್ಕೆ ಎರಡು (ಪ, ಬ, ಮ ಮೂರೂ ಅಲ್ಲೇ ತುಂಬಿಕೊಳ್ಳುತ್ತವೆ), ಯರಲವಕ್ಕೆ ಒಂದು, ಶ-ಷ-ಸ-ಹಕ್ಕೆ ಒಂದು. ಪುಟದ ನಡುವೆ ಒಂದು ಗೆರೆ ಎಳೆದು ಎರಡು ಕಾಲಂ ಮಾಡಿಕೊಳ್ಳಿ.

ಈಗ ಶೀರ್ಷಿಕೆಯ ಮಾತು. ಸೂಚಿ ಮಾಡಿಯೂ ಸಿಗುವುದಿಲ್ಲ ಅನ್ನುವವರು ಎಡವುವುದು ಇಲ್ಲೇ. 43ನೇ ಪುಟದಲ್ಲಿ ಹೀಗೆ ಬರೆದಿದ್ದೀರಿ ಅಂದುಕೊಳ್ಳೋಣ: ‘ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಮುಂದೆ ಕೂತವಳ ಎಡಗೈ ಹೆಬ್ಬೆರಳಿಗೆ ಹಳೇ ಬಟ್ಟೆ ಸುತ್ತಿದೆ. ಊರ ಸುದ್ದಿಯೆಲ್ಲ ಹೇಳ್ತಾಳೆ, ಕೈ ಕಡೆ ನೋಡೋದೇ ಇಲ್ಲ.’ ಇದನ್ನು ‘ಕೃಷಿ’ ಅಥವಾ ‘ಹಳ್ಳಿ ಬದುಕು’ ಎಂದು ಸೂಚಿಗೆ ಹಾಕಿದರೆ ಮುಗಿಯಿತು, ಆರು ತಿಂಗಳಲ್ಲಿ ಆ ಶೀರ್ಷಿಕೆಯ ಕೆಳಗೆ ನಲವತ್ತು ಪುಟಸಂಖ್ಯೆ ಸೇರಿ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ‘ಕೈಗಳು, ಕೆಲಸದಲ್ಲಿ – 43’ ಎಂದು ಕ-ವರ್ಗದಲ್ಲೂ ‘ಅಡಿಕೆ ಸುಲಿತ – 43’ ಎಂದು ಸ್ವರದಲ್ಲೂ ಹಾಕಿ. ಅದು ಯಾವ ಜಾತಿಯ ಟಿಪ್ಪಣಿ ಎಂದು ಯೋಚಿಸಬೇಡಿ, ಏನು ಬರೆಯುವಾಗ ಅದನ್ನು ಹುಡುಕುತ್ತೀರಿ ಎಂದು ಯೋಚಿಸಿ. ಒಂದು ಟಿಪ್ಪಣಿಗೆ ಎರಡು ಶೀರ್ಷಿಕೆಗಿಂತ ಹೆಚ್ಚು ಬೇಡ. ಒಂದೇ ವಸ್ತುವಿಗೆ ಒಮ್ಮೆ ‘ಮಳೆ’, ಇನ್ನೊಮ್ಮೆ ‘ಮುಂಗಾರು’ ಎಂದು ಬರೆಯುವ ಅಭ್ಯಾಸವಿದ್ದರೆ ಒಂದನ್ನು ಉಳಿಸಿಕೊಂಡು ಇನ್ನೊಂದರ ಮುಂದೆ ‘ಮಳೆ ನೋಡಿ’ ಎಂದು ಹಾಕಿ. ಒಂದು ಶೀರ್ಷಿಕೆಯಲ್ಲಿ ಹತ್ತು ಸಂಖ್ಯೆ ದಾಟಿತೋ, ಅದನ್ನು ಒಡೆಯುವ ಕಾಲ ಬಂತು ಎಂದೇ ಅರ್ಥ.

ಕಪಾಟಿನಲ್ಲಿರುವ ಹಳೆಯವುಗಳಿಗೆಲ್ಲ ಪೂರ್ತಿ ಸೂಚಿ ಮಾಡಲು ಹೊರಟರೆ ಮೂರನೆಯದಕ್ಕೇ ಕೈ ಸೋಲುತ್ತದೆ. ಒಂದೊಂದನ್ನು ಇಪ್ಪತ್ತು ನಿಮಿಷ ತಿರುವಿಹಾಕಿ, ಈಗಲೂ ಬರೆಯಬೇಕೆನ್ನಿಸುವ ಟಿಪ್ಪಣಿಗಳಿಗೆ ಮಾತ್ರ ಪುಟಸಂಖ್ಯೆ ಹಾಕಿ, ಆ ಹತ್ತು ಹನ್ನೆರಡನ್ನು ಈಗಿನ ನೋಟ್‌ಬುಕ್ಕಿನ ಸೂಚಿಗೇ ಸೇರಿಸಿ. ಉಳಿದದ್ದು ಅಲ್ಲೇ ಇರಲಿ.

ಪ್ರಶ್ನೆ: ದುಬಾರಿ ನೋಟ್‌ಬುಕ್ ಬೇಕೇ? ಇಂಕ್ ಪೆನ್ನಿನಲ್ಲಿ ಬರೆದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ. ಯಾವ ಕಾಗದ, ಯಾವ ಪೆನ್ನು ತೆಗೆದುಕೊಳ್ಳಲಿ?
– ಬ್ಯಾಂಕ್ ಉದ್ಯೋಗಿ, ಧಾರವಾಡ

ದುಬಾರಿಯದು ಬೇಡ. ಚರ್ಮದ ರಟ್ಟು, ರೇಷ್ಮೆ ದಾರ ಇರುವ ನೋಟ್‌ಬುಕ್‌ನಲ್ಲಿ ಕೆಟ್ಟ ವಾಕ್ಯ ಬರೆಯಲು ಕೈ ಹಿಂಜರಿಯುತ್ತದೆ. ಕೆಟ್ಟ ವಾಕ್ಯ ಬರೆಯಲಿಕ್ಕೇ ಅಲ್ಲವೇ ನೋಟ್‌ಬುಕ್ ಇರುವುದು?

ಶಾಲಾ ನೋಟ್‌ಬುಕ್ಕುಗಳ ಕಾಗದ ಸಾಮಾನ್ಯವಾಗಿ 55–60 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಆಸುಪಾಸಿನದು. ಬಾಲ್ ಪೆನ್ನಿಗೆ ಇದು ಸಾಕು, ಇಂಕ್ ಪೆನ್ನಿಗೆ ಸಾಲದು. 70ರಿಂದ 80 ಜಿಎಸ್‌ಎಂ ಇದ್ದರೆ ಮಧ್ಯಮ ನಿಬ್ಬಿಗೂ ನಡೆಯುತ್ತದೆ. ಆದರೆ ಜಿಎಸ್‌ಎಂ ಹೇಳುವುದು ತೂಕವನ್ನು ಮಾತ್ರ. ಶಾಯಿ ಹೀರುವುದು, ಬಿಡುವುದು ಕಾಗದದ ಮೇಲ್ಮೈ ಲೇಪದಿಂದ. 80ರ ಕಾಗದದಲ್ಲೂ ಅಕ್ಷರದ ಅಂಚು ಬೇರು ಬಿಟ್ಟ ಹಾಗೆ ಹರಡಬಹುದು. ಅದಕ್ಕೆ ಅಂಗಡಿಯಲ್ಲೇ ನಿಮ್ಮ ಪೆನ್ನಿನಿಂದ ಕೊನೆಯ ಪುಟದಲ್ಲಿ ಬರೆದು ನೋಡಬೇಕು (ಒಂದನ್ನಾದರೂ ಕೊಳ್ಳುತ್ತೀರೆಂದು ಅಂಗಡಿಯವರಿಗೆ ಮೊದಲೇ ಹೇಳಿ). ಬರೆಯಬೇಕಾದ ಪದಗಳು: ಸ್ವಾತಂತ್ರ್ಯ, ರಾಷ್ಟ್ರೀಯ, ಲಕ್ಷ್ಮಿ. ಒಂದರ ಕೆಳಗೊಂದು, ಅಕ್ಕಪಕ್ಕದ ಗೆರೆಗಳಲ್ಲಿ. ಶಾಯಿ ಹಿಂದೆ ಇಳಿಯಿತೇ ಎಂಬುದರ ಜೊತೆಗೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ, ಗುಡಿಸಿಗೆ ತಾಗುತ್ತವೆಯೇ ಎಂಬುದೂ ಗೊತ್ತಾಗುತ್ತದೆ. ವಿದೇಶಿ ಮಾದರಿಯ ನೋಟ್‌ಬುಕ್ಕುಗಳಲ್ಲಿ ಗೆರೆಗಳ ಅಂತರ 6–7 ಮಿ.ಮೀ. ಇರುವುದುಂಟು. ರೋಮನ್ ಅಕ್ಷರಕ್ಕೆ ಅದು ಧಾರಾಳ, ಎರಡೆರಡು ಒತ್ತು ಬರುವ ಕನ್ನಡಕ್ಕೆ ಇಕ್ಕಟ್ಟು. 8 ಮಿ.ಮೀ. ಅಥವಾ ಹೆಚ್ಚಿನ ಅಂತರ ಹುಡುಕಿ. ಸಿಗದಿದ್ದರೆ ಗೆರೆಯಿಲ್ಲದ್ದೇ ವಾಸಿ.

ಬೈಂಡಿಂಗ್ ನೋಡದೆ ಕೊಳ್ಳಬೇಡಿ. ಗಮ್ ಬೈಂಡಿಂಗ್ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಬಲವಂತ ಮಾಡಿದರೆ ಹಾಳೆಗಳು ಕಿತ್ತು ಬರುತ್ತವೆ. ನಡುವೆ ಪಿನ್ ಹೊಡೆದದ್ದು ನೂರು ಪುಟದವರೆಗೆ ಸರಿ, ಆದರೆ ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆಯೂ ಸಡಿಲ. ಸ್ಪೈರಲ್ ಮೇಜಿನ ಮೇಲೆ ಚೆನ್ನ, ಚೀಲದಲ್ಲಿ ತಂತಿ ಬಾಗುತ್ತದೆ. ನೂಲಿನಿಂದ ಹೊಲಿದದ್ದು ಎಲ್ಲಕ್ಕಿಂತ ಒಳ್ಳೆಯದು. 75 ಜಿಎಸ್‌ಎಂನ ಎ4 ಹಾಳೆಗಳನ್ನು ಎಂಟೆಂಟರಂತೆ ಮಡಚಿ, ಐದಾರು ಕಟ್ಟು ಮಾಡಿ ನಿಮ್ಮೂರಿನ ಬೈಂಡಿಂಗ್ ಅಂಗಡಿಗೆ ಕೊಟ್ಟರೆ 148 × 210 ಮಿ.ಮೀ. ಅಳತೆಯ, 160–190 ಪುಟಗಳ ಗಟ್ಟಿ ನೋಟ್‌ಬುಕ್ ಸಿದ್ಧ.

ಶಾಯಿಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬರೆದು ಒಂದು ದಿನ ಬಿಟ್ಟು ಮೇಲೆ ಒಂದು ಹನಿ ನೀರು ಹಾಕಿ. ಸಾಮಾನ್ಯ ನೀಲಿ ಫೌಂಟನ್ ಪೆನ್ ಶಾಯಿ ಬಣ್ಣದ ದ್ರಾವಣ ಮಾತ್ರವಾದ್ದರಿಂದ ತೊಳೆದು ಹೋಗುತ್ತದೆ. ಪಿಗ್ಮೆಂಟ್ (ನೀರಿನಲ್ಲಿ ಕರಗದ ಬಣ್ಣದ ಪುಡಿ) ಇರುವ ಜೆಲ್ ಪೆನ್ನು ತಡೆದುಕೊಳ್ಳುತ್ತದೆ, ಪಿಗ್ಮೆಂಟ್ ಇಲ್ಲದ ಜೆಲ್ ಹರಡುತ್ತದೆ. ಬಾಲ್ ಪೆನ್ನಿನ ಶಾಯಿ ಎಣ್ಣೆಯಂಶದ್ದು, ನೀರಿಗೆ ಅಂಜುವುದಿಲ್ಲ. ಉಜ್ಜಿದರೆ ಅಳಿಯುವ ಪೆನ್ನುಗಳಿಂದ ಮಾತ್ರ ದೂರವಿರಿ. ಅವುಗಳ ಶಾಯಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬಣ್ಣ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕಾರಿನ ಗಾಜಿನ ಕೆಳಗೆ ಮರೆತುಬಿಟ್ಟರೆ ಪುಟಗಳು ಖಾಲಿ.

ಪ್ರಶ್ನೆ: ಪೆನ್ಸಿಲ್ ಬಳಸಬಹುದೇ?
– ವಿದ್ಯಾರ್ಥಿ, ತುಮಕೂರು

ಧಾರಾಳವಾಗಿ. ಗ್ರಾಫೈಟ್ ಬಿಸಿಲಿಗೆ ಮಾಸುವುದಿಲ್ಲ, ನೀರಿಗೆ ಹೋಗುವುದಿಲ್ಲ, ಥಂಡಿ ಕಾಗದದ ಮೇಲೂ ಮೂಡುತ್ತದೆ. ಎದುರು ಪುಟಕ್ಕೆ ಉಜ್ಜಿ ಮಸುಕಾಗುವುದೊಂದೇ ದೋಷ. 2ಬಿ ಬದಲು ಎಚ್‌ಬಿ ಹಿಡಿದರೆ ಅದೂ ಕಡಿಮೆ. ರಬ್ಬರ್ ಜೊತೆಗಿಟ್ಟುಕೊಳ್ಳಬೇಡಿ, ತಪ್ಪಿದ್ದನ್ನು ಗೆರೆ ಎಳೆದು ಹೊಡೆದುಹಾಕಿ. ಹೊಡೆದ ಪದ ಮುಂದೆ ಬೇಕಾಗುವುದುಂಟು.

ಪ್ರಶ್ನೆ: ಜನರ ಮಾತನ್ನು ಕೇಳಿದ ಹಾಗೇ ಬರೆದಿಡಲು ಯತ್ನಿಸುತ್ತೇನೆ. ಆಮೇಲೆ ಓದಿದರೆ ಎಲ್ಲರೂ ಒಂದೇ ಥರ ಮಾತಾಡಿದಂತಿರುತ್ತದೆ. ಕೆಲವು ಸಲ ಅದು ನನ್ನ ವಾಕ್ಯವೋ, ಎಲ್ಲಾದರೂ ಓದಿದ್ದೋ ಎಂಬ ಅನುಮಾನವೂ ಬರುತ್ತದೆ.
– ಶಿಕ್ಷಕರು, ಹಾವೇರಿ

ಇವು ಎರಡು ಬೇರೆ ತೊಂದರೆ. ಮೊದಲನೆಯದಕ್ಕೆ ಕಾರಣ ಬರೆಯುವ ಕೈ. ಪಾಠ ಹೇಳುವವರ ಕೈ ತಾನಾಗಿಯೇ ಭಾಷೆ ತಿದ್ದುತ್ತದೆ. ‘ಹೊಲಾನ ಮಾರಿದ ಮ್ಯಾಲೆ ಬದುವಿನ ಜಗಳ ಯಾಕ ಬೇಕ್ರೀ ನಮಗ’ ಎಂದು ಕೇಳಿದ್ದನ್ನು ‘ಹೊಲ ಮಾರಿದ ಮೇಲೆ ನಮಗೆ ಬದುವಿನ ಜಗಳ ಏಕೆ ಬೇಕು’ ಎಂದು ಬರೆದಿಟ್ಟರೆ ಸುದ್ದಿ ಉಳಿಯಿತು, ಮನುಷ್ಯ ಹೋದ. ಹೊಲಾನ ಎಂಬಲ್ಲಿಯ ಒತ್ತು, ಕೊನೆಗೆ ಬಂದ ‘ನಮಗ’, ‘ರೀ’ ಎಂಬ ಮರ್ಯಾದೆ – ಮೂರೂ ಹೋದವು. ಪೂರ್ತಿ ಸಂಭಾಷಣೆ ಹಿಡಿಯಲು ಹೋಗಬೇಡಿ, ಒಂದೇ ವಾಕ್ಯ ಹಿಡಿಯಿರಿ. ಹತ್ತು ನಿಮಿಷದೊಳಗೆ ಬರೆಯಿರಿ. ಪದಗಳು ಬಂದ ಕ್ರಮವನ್ನು ಬದಲಿಸಬೇಡಿ. ಪಕ್ಕದಲ್ಲಿ ಎಲ್ಲಿ, ಯಾರು ಯಾರಿಗೆ, ಸುಮಾರು ವಯಸ್ಸೆಷ್ಟು ಎಂದು ನಾಲ್ಕು ಪದ ಸಾಕು. ಹೆಸರು ಬರೆಯಬೇಡಿ. ನೋಟ್‌ಬುಕ್ ಯಾರ ಕೈಗೆ ಸಿಗುತ್ತದೋ ಹೇಳಲಾಗದು. ಸಣ್ಣ ಊರುಗಳಲ್ಲಂತೂ ಇದು ಜಗಳಕ್ಕೆ ದಾರಿ.

ಎರಡನೆಯದು ಗಂಭೀರ. ಓದಿದ ಸಾಲನ್ನು ಗುರುತಿಲ್ಲದೆ ಬರೆದಿಟ್ಟು, ಎರಡು ವರ್ಷದ ನಂತರ ತನ್ನದೆಂದೇ ನಂಬಿ ಅಚ್ಚಿಗೆ ಕೊಡುವುದು ಕಳ್ಳತನದ ಉದ್ದೇಶವಿಲ್ಲದೆಯೇ ನಡೆಯುತ್ತದೆ. ನಾಲ್ಕು ಗುರುತು ಮಾಡಿಕೊಳ್ಳಿ. ಕೇಳಿದ್ದಕ್ಕೆ ಉದ್ಧರಣ ಚಿಹ್ನೆ. ಪುಸ್ತಕದ ಸಾಲಿಗೆ ಉದ್ಧರಣ ಚಿಹ್ನೆಯ ಜೊತೆಗೆ ಅಂಚಿನಲ್ಲಿ ಉದ್ದ ಗೆರೆ, ಲೇಖಕರ ಹೆಸರು, ಪುಸ್ತಕ, ಮುದ್ರಣದ ವರ್ಷ, ಪುಟ. ಕಣ್ಣಾರೆ ಕಂಡದ್ದಕ್ಕೆ ಏನೂ ಬೇಡ. ಸ್ವಂತ ಯೋಚನೆಗೆ ಚೌಕ ಆವರಣ. ಮುದ್ರಣದ ವರ್ಷ ಯಾಕೆಂದರೆ ಕನ್ನಡದ ಹಳೆಯ ಪುಸ್ತಕಗಳು ಮರುಮುದ್ರಣವಾದಾಗ ಪುಟಗಳು ಬದಲಾಗುತ್ತವೆ. ಸಾಲನ್ನು ನಿಮ್ಮ ಮಾತಿನಲ್ಲಿ ಸಂಗ್ರಹಿಸಿದ್ದರೆ ‘ಸಂ.’ ಎಂದು ಹಾಕಿ, ಇಲ್ಲದಿದ್ದರೆ ನಿಮ್ಮ ವಾಕ್ಯವನ್ನೇ ಅವರ ಬಾಯಿಗೆ ತುರುಕಿದಂತಾಗುತ್ತದೆ.

ಪ್ರಶ್ನೆ: ಫೋನಿನಲ್ಲೇ ಕನ್ನಡ ಟೈಪ್ ಮಾಡುತ್ತೇನೆ, ಹುಡುಕಿದರೆ ಕ್ಷಣದಲ್ಲಿ ಸಿಗುತ್ತದೆ. ನೋಟ್‌ಬುಕ್ ಇನ್ನೂ ಯಾಕೆ ಬೇಕು?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ನಿಮಗೆ ಬೇಕಿಲ್ಲದಿರಬಹುದು. ಫೋನಿನಲ್ಲಿ ಬರೆದದ್ದು ಅಲ್ಲಿಂದ ಕರಡಿಗೆ ಬರುತ್ತಿದ್ದರೆ ಅದೇ ನಿಮ್ಮ ನೋಟ್‌ಬುಕ್. ಆದರೆ ‘ಕ್ಷಣದಲ್ಲಿ ಸಿಗುತ್ತದೆ’ ಎಂಬುದು ಕನ್ನಡದ ಮಟ್ಟಿಗೆ ಅರ್ಧ ಸತ್ಯ. ‘ಊರು’ ಎಂದು ಹುಡುಕಿದರೆ ‘ಊರಿಗೆ’, ‘ಊರಿನಲ್ಲಿ’ ಸಾಮಾನ್ಯವಾಗಿ ಸಿಗುವುದಿಲ್ಲ, ವಿಭಕ್ತಿ ಹತ್ತಿದಾಗ ಕೊನೆಯ ಉಕಾರ ಹೋಗಿರುತ್ತದೆ. ಉಕಾರ ಬಿಟ್ಟು ‘ಊರ’ ಎಂದಷ್ಟೇ ಹೊಡೆದರೆ ಹೆಚ್ಚಿನ ಆ್ಯಪ್‌ಗಳಲ್ಲಿ ಎಲ್ಲವೂ ಬರುತ್ತವೆ. ‘ಮಳಿ’, ‘ಮಳೆ’ ಎರಡೂ ಬರೆಯುವವರು ಎರಡನ್ನೂ ಹುಡುಕಬೇಕು. ಇದಕ್ಕೆ ಮದ್ದು ಮೇಲೆ ಹೇಳಿದ ಸೂಚಿಯದೇ: ಪ್ರತಿ ಟಿಪ್ಪಣಿಯ ಮೊದಲ ಸಾಲಿನಲ್ಲಿ ಒಂದೆರಡು ನಿಗದಿತ ಶೀರ್ಷಿಕೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಉಳಿಸಿದ ಕಡತಗಳಿದ್ದರೆ ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳ ಸಾಲು. ಪರಿವರ್ತಕಗಳು ಮುಫತ್ತಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ, ತಪ್ಪುವುದು ಹೆಚ್ಚಾಗಿ ಅಲ್ಲಿ.

ಇನ್ನು ಧ್ವನಿಮುದ್ರಣ. ಮಾತಾಡಿ ಇಟ್ಟದ್ದನ್ನು ಅದೇ ವಾರ ಕೇಳಿ ಬರೆದುಕೊಳ್ಳದಿದ್ದರೆ ಮತ್ತೆ ಯಾರೂ ಕೇಳುವುದಿಲ್ಲ. ಅಂದಹಾಗೆ, ಒರೆಸಿ ಮತ್ತೆ ಬರೆಯುವ ಅನುಕೂಲ ಫೋನಿಗೆ ಮೊದಲೂ ಇತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಕಡತಗಳಲ್ಲಿ ಕರ್ನಾಟಕದ ವರ್ತಕರು, ಮಠಗಳು ಲೆಕ್ಕಪತ್ರ ಇಡುತ್ತಿದ್ದವು.

ಪ್ರಶ್ನೆ: ಮಳೆಗಾಲದಲ್ಲಿ ನೋಟ್‌ಬುಕ್ಕುಗಳಿಗೆ ಬೂಷ್ಟು ಹಿಡಿಯುತ್ತದೆ, ಬೆನ್ನಿನ ಕಡೆ ಹುಳ ತಿನ್ನುತ್ತದೆ. ನುಸಿಗುಳಿಗೆ ಹಾಕಿದರೂ ನಿಂತಿಲ್ಲ.
– ನಿವೃತ್ತ ಗ್ರಂಥಪಾಲಕರು, ಕುಂದಾಪುರ

ಗಾಳಿಯ ತೇವ ಶೇ. 65 ದಾಟಿ ಹಾಗೇ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯುತ್ತದೆ. ಕರಾವಳಿಯ ಜೂನ್–ಸೆಪ್ಟೆಂಬರ್ ಇಡೀ ಆ ಮಟ್ಟದ ಮೇಲೆಯೇ. ನುಸಿಗುಳಿಗೆ ತೇವವನ್ನು ಕಡಿಮೆ ಮಾಡುವುದಿಲ್ಲ, ಅದರ ಆವಿ ಮನೆಯ ಮಕ್ಕಳಿಗೆ ಒಳ್ಳೆಯದೂ ಅಲ್ಲ.

ಮೇ ತಿಂಗಳಲ್ಲೇ, ಕಾಗದ ಗರಿಗರಿಯಾಗಿರುವಾಗ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಣ್ಣ ಬದಲಿಸುವ ಜಾತಿಯದನ್ನೇ ಕೊಳ್ಳಿ. ಕಿತ್ತಳೆಯಿಂದ ಹಸಿರಿಗೆ ತಿರುಗಿದರೆ ತೇವ ಹೀರಿಕೊಂಡಿದೆ ಎಂದು ಅರ್ಥ, ಒಣಗಿಸಿ ಮತ್ತೆ ಬಳಸಬಹುದು. ಥಂಡಿ ಹಿಡಿದ ಮೇಲೆ ಡಬ್ಬಿಗೆ ಹಾಕಿದರೆ ಬೂಷ್ಟನ್ನು ಸಾಕಿದಂತೆ. ದಿನವೂ ಬಳಸುವುದು ಹೊರಗಿರಲಿ, ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಮಾತ್ರ ಬೇಡ. ಗೋಡೆಯಿಂದ ನಾಲ್ಕು ಬೆರಳು ದೂರ, ನೆಟ್ಟಗೆ, ಗಾಳಿಯಾಡುವಷ್ಟು ಸಡಿಲವಾಗಿ.

ಬೂಷ್ಟು ಬಂದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಶಾಯಿ, ಬೂಷ್ಟು ಎರಡೂ ಹರಡುತ್ತವೆ. ಮೊದಲು ಫ್ಯಾನಿನ ಕೆಳಗೆ ಪೂರ್ತಿ ಒಣಗಲಿ. ಆಮೇಲೆ ಹೊರಗೆ ಒಯ್ದು, ಮೂಗು-ಬಾಯಿ ಮುಚ್ಚಿಕೊಂಡು, ಮೆತ್ತನೆ ಬ್ರಷ್ಷಿನಿಂದ ಹೊರಮುಖವಾಗಿ ಗುಡಿಸಿ. ಬಿಸಿಲಿಗೆ ಹಾಕಿದರೆ ಶಾಯಿ ಮಾಸಿ ಕಾಗದ ಸೆಟೆಯುತ್ತದೆ. ಬೆನ್ನು ತಿನ್ನುತ್ತಿರುವುದು ಬಹುಶಃ ಬೆಳ್ಳಿಹುಳ. ಅದಕ್ಕೆ ರುಚಿ ಬೈಂಡಿಂಗಿನ ಮೈದಾ ಅಂಟು. ಹೊಸದು ಮಾಡಿಸುವಾಗ ಅಂಟಿಗೆ ಮೈಲುತುತ್ತ ಬೆರೆಸಲು ಬೈಂಡರಿಗೆ ಹೇಳಿ, ಹಳೆಯ ಬೈಂಡರುಗಳಿಗೆ ಗೊತ್ತಿರುವ ಕ್ರಮವೇ ಇದು. ಮೈಲುತುತ್ತ ವಿಷ, ಮನೆಯಲ್ಲಿ ನೀವೇ ಕಲಸುವುದು ಬೇಡ.

ಪ್ರಶ್ನೆ: ಸಂಶೋಧನೆ ಮಾಡುತ್ತಿದ್ದೇನೆ. ನೋಟ್‌ಬುಕ್ ಬಿಟ್ಟು ಕಾರ್ಡುಗಳಿಗೆ ಹೋಗಲೇ?
– ಪಿಎಚ್‌ಡಿ ವಿದ್ಯಾರ್ಥಿನಿ, ಮೈಸೂರು

ಪ್ರಬಂಧಕ್ಕಾದರೆ ಹೋಗಿ, ಕಾದಂಬರಿಗಾದರೆ ಬೇಡ ಅನ್ನುತ್ತಿದ್ದೆವು. ಜರ್ಮನ್ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲುಹ್ಮನ್ ಸುಮಾರು 90,000 ಚೀಟಿಗಳನ್ನು ಪೆಟ್ಟಿಗೆಗಳಲ್ಲಿ ಇಟ್ಟು ಅವುಗಳಿಂದ ಪುಸ್ತಕಗಳನ್ನು ಕಟ್ಟಿದರು. ಅವರು ಬಳಸಿದ್ದು ದಪ್ಪ ಕಾರ್ಡಲ್ಲ, ಸಾದಾ ಕಾಗದ. ಎ4 ಹಾಳೆಯನ್ನು ನಾಲ್ಕು ಮಾಡಿದರೆ 105 × 148 ಮಿ.ಮೀ. ಚೀಟಿ. 80 ಜಿಎಸ್‌ಎಂನ ಸಾವಿರ ಚೀಟಿ ಹತ್ತು ಸೆಂ.ಮೀ. ಜಾಗ ಹಿಡಿದರೆ ಕಾರ್ಡು ಅದರ ಎರಡು-ಮೂರು ಪಟ್ಟು. ಒಂದು ಚೀಟಿಗೆ ಒಂದೇ ವಿಚಾರ, ಒಂದೇ ಬದಿ. ಮೇಲೆ ಸಂಖ್ಯೆ, ಕೆಳಗೆ ಆಕರ. 14 ಮತ್ತು 15ರ ನಡುವೆ ಹೊಸದು ಬಂದರೆ 14ಅ, ಅದರಿಂದ ಹುಟ್ಟಿದ್ದು 14ಅ1. ಹೀಗೆ ನಡುವೆ ಎಷ್ಟು ಬೇಕಾದರೂ ಸೇರಿಸಬಹುದು. ಕೆಡುವುದು ಒಂದೇ ಕಾರಣಕ್ಕೆ: ತೆಗೆದ ಚೀಟಿಯನ್ನು ಅದರ ಜಾಗಕ್ಕೆ ವಾಪಸು ಇಡದಿರುವುದು.

ಪ್ರಶ್ನೆ: ದಿನವೂ ಮೂರು ಪುಟ ತಪ್ಪದೆ ಬರೆಯುತ್ತೇನೆ. ಕಥೆ ಮಾತ್ರ ಒಂದೂ ಆಗಿಲ್ಲ.
– ಕಲಬುರಗಿ

ದಿನಚರಿಯೇ ಕಥೆಯಾಗಲಿ ಎಂದು ಕಾಯುತ್ತಿದ್ದೀರಿ. ಮೂರು ಪುಟವನ್ನು ಒಂದಕ್ಕಿಳಿಸಿ, ಉಳಿದ ಸಮಯವನ್ನು ಹಳೆಯ ಪುಟಗಳಿಗೆ ಕೊಡಿ. ಬಲಪುಟದಲ್ಲಿ ಮಾತ್ರ ಬರೆಯಿರಿ, ಎಡಪುಟ ಖಾಲಿ ಇರಲಿ. ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಆ ವಾರದ್ದನ್ನು ಓದಿ, ಎಡಪುಟದಲ್ಲಿ ಪ್ರಶ್ನೆ ಹಾಕಿ: ಇವಳು ಯಾಕೆ ವಾಪಸು ಬಂದಳು? ದುಡ್ಡು ಯಾರ ಹತ್ತಿರ ಇತ್ತು? ಆಮೇಲೆ ಸೂಚಿ ತುಂಬಿಸಿ. ಒಂದು ವಿಷಯದಲ್ಲಿ ನಾಲ್ಕೈದು ಸಂಖ್ಯೆ ಸೇರಿದ್ದು ಕಂಡಾಗ ಬಿಡಿಹಾಳೆ ತೆಗೆದುಕೊಂಡು ಆ ಟಿಪ್ಪಣಿಗಳನ್ನು ಕೈಯಿಂದಲೇ ನಕಲು ಮಾಡಿ. ಅಲ್ಲಿ ವಾಕ್ಯ ತಾನಾಗಿ ಬದಲಾಗತೊಡಗುತ್ತದೆ, ಕರಡು ಶುರುವಾಗುವುದು ಆಗಲೇ. ಬಳಸಿದ ಟಿಪ್ಪಣಿಯ ಮೇಲೆ ಓರೆಗೆರೆ ಎಳೆದು ಯಾವ ಕಥೆಗೆ ಹೋಯಿತೆಂದು ಬರೆಯಿರಿ. ಇಲ್ಲದಿದ್ದರೆ ಅದೇ ಉಪಮೆ ಎರಡು ಕಥೆಗಳಲ್ಲಿ ಅಚ್ಚಾಗುತ್ತದೆ, ಓದುಗರು ಹಿಡಿದೇ ಹಿಡಿಯುತ್ತಾರೆ.

ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯ 73 ನೋಟ್‌ಬುಕ್ಕುಗಳು ಉಳಿದಿವೆ. ತಾರೀಖು ಅಪರೂಪ, ಒಂದೇ ಕಾದಂಬರಿಯ ಯೋಜನೆ ಹಲವು ನೋಟ್‌ಬುಕ್ಕುಗಳಲ್ಲಿ ಚದುರಿದೆ, ನಡುವೆ ಸಾಮಾನಿನ ಪಟ್ಟಿ. ಅವರಿಗೆ ನಡೆಯಿತು. ಆದರೆ ಅವರು ಬರೆಯುತ್ತಿದ್ದುದು ದಿನಚರಿಯಲ್ಲ, ಕಥೆಗೆ ಇರಬಹುದಾದ ದಾರಿಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ನೋಡುತ್ತಿದ್ದರು.

ಪ್ರಶ್ನೆ: ಬೇಕಾದ ಪುಟ ಹರಿದು ಕರಡಿನ ಜೊತೆ ಇಟ್ಟುಕೊಂಡರೆ ತಪ್ಪೇ?
– ಶಿವಮೊಗ್ಗ

ತಪ್ಪೇನಿಲ್ಲ. ಡಾರ್ವಿನ್ 1837ರ ಜುಲೈಯಲ್ಲಿ ಶುರು ಮಾಡಿದ, 36ನೇ ಪುಟದಲ್ಲಿ ಜೀವವೃಕ್ಷದ ಚಿತ್ರವಿರುವ ‘ಬಿ’ ನೋಟ್‌ಬುಕ್ಕಿನಿಂದ ಬೇಕಾದ ಪುಟಗಳನ್ನು 1856ರ ಡಿಸೆಂಬರಿನಲ್ಲಿ ಕತ್ತರಿಸಿ ತೆಗೆದರು. ಆ ಪುಟಗಳನ್ನು ಅವರ ಉಳಿದ ಕಾಗದಪತ್ರಗಳ ನಡುವಿನಿಂದ ಹುಡುಕಿ ಹೊಂದಿಸುವ ಕೆಲಸ ನಂತರದ ವಿದ್ವಾಂಸರ ಪಾಲಿಗೆ ಬಂತು. ಹರಿಯುವ ಮುನ್ನ ಫೋಟೊ ತೆಗೆದಿಡಿ. ಕಿತ್ತೆಳೆಯದೆ, ಹೊಲಿಗೆಯಿಂದ ಒಂದು ಬೆರಳು ಬಿಟ್ಟು ಬ್ಲೇಡಿನಿಂದ ಕತ್ತರಿಸಿ, ಜೋಡಿ ಹಾಳೆ ಭದ್ರವಾಗಿರುತ್ತದೆ. ಉಳಿದ ಆ ಪಟ್ಟಿಯ ಮೇಲೆ ‘ಪು. 41–42, ಕಾದಂಬರಿ ಫೈಲಿಗೆ’ ಎಂದೂ, ಕತ್ತರಿಸಿದ ಹಾಳೆಯ ಮೇಲೆ ‘7/41’ ಎಂದೂ ಬರೆಯಿರಿ.